ಟೊಮೆಟೊಗೆ ಒಂದು ಜೇನು, ಪ್ಯಾಷನ್ ಫ್ರೂಟ್‌ಗೆ ಇನ್ನೊಂದು

ಪ್ರಶ್ನೆ: ಹಳದಿ ಪ್ಯಾಷನ್ ಫ್ರೂಟ್ ಬಳ್ಳಿ ಚಪ್ಪರದ ತುಂಬ ಹೂ ಬಿಟ್ಟಿದೆ ಸರ್, ಕಾಯಿ ಮಾತ್ರ ಒಂದೂ ಕಚ್ತಿಲ್ಲ. ತುಡುವೆ ಜೇನಿನ ಪೆಟ್ಟಿಗೆ ಪಕ್ಕದಲ್ಲೇ ಇದೆ. ಇನ್ನೊಂದು ಪೆಟ್ಟಿಗೆ ತರೋದಾ?
– ಓದುಗರು, ನಾಪೋಕ್ಲು

ಬೇಡ, ದುಡ್ಡು ಉಳಿಸ್ಕೊಳ್ಳಿ. ಆ ಹೂವಲ್ಲಿ ಮಕರಂದ ಕೆಳಗಡೆ, ಪರಾಗ ಮೇಲ್ಗಡೆ, ತುಡುವೆ ಪುಟ್ಟದು ಅಲ್ವಾ, ಅದು ಕೆಳಗೇ ನುಗ್ಗಿ ಕುಡ್ಕೊಂಡು ಹೋಗ್ಬಿಡತ್ತೆ. ಅಲ್ಲಿಗೆ ಬೇಕಿರೋದು ಕಪ್ಪು ದುಂಬಿ, ಅಂದ್ರೆ ಮರ ಕೊರೆದು ಗೂಡು ಮಾಡೋ ದೊಡ್ಡ ಜೇನು, ಅದರ ಬೆನ್ನಿಗೆ ಪರಾಗ ಉಜ್ಜತ್ತೆ, ಮುಂದಿನ ಹೂವಿಗೆ ಹೋಗಿ ಅಲ್ಲಿ ಅಂಟಿಸತ್ತೆ. ಇನ್ನೊಂದು ವಿಷಯ, ಹಳದಿ ಜಾತಿಗೆ ತನ್ನದೇ ಪರಾಗ ಹಿಡಿಯಲ್ಲ. ಒಂದೇ ಬಳ್ಳಿ ಇದ್ರೆ, ಅಥವಾ ಒಂದೇ ಬಳ್ಳಿಯ ತುಂಡು ನೆಟ್ಟು ನಾಲ್ಕು ಮಾಡಿದ್ರೆ, ಎಷ್ಟು ದುಂಬಿ ಬಂದ್ರೂ ಅಷ್ಟೇ. ಬೀಜದಿಂದ ಎಬ್ಬಿಸಿದ ಬೇರೆ ಬಳ್ಳಿ ಪಕ್ಕಕ್ಕೆ ಹಬ್ಬಿಸಿ. ಹೂ ಅರಳೋದು ಮಧ್ಯಾಹ್ನದ ಹೊತ್ತಿಗೆ, ಹಾಗಾಗಿ ಕೈಯಲ್ಲಿ ಪರಾಗ ಮುಟ್ಟಿಸೋದಿದ್ರೂ ಊಟ ಆದ್ಮೇಲೆ ಮಾಡಿ, ಬೆಳಿಗ್ಗೆ ಹೋದ್ರೆ ಮೊಗ್ಗೇ ಸಿಗೋದು. ದುಂಬಿ ಇರಬೇಕು ಅಂದ್ರೆ ಒಣಗಿದ ಹಾಲವಾಣದ ಕೊಂಬೆನೋ ಹಳೇ ಬಿದಿರು ಗಳನೋ ಬೇಲಿ ಮೂಲೆಯಲ್ಲಿ ಬಿಡಿ, ಎಲ್ಲಾನೂ ಒಲೆಗೆ ಹಾಕ್ಬೇಡಿ. ಮನೆ ಜಂತಿ ಕೊರೆಯತ್ತೆ ಅನ್ನೋ ಭಯ ಇದ್ರೆ ಜಂತಿಗೆ ಪೇಂಟ್ ಹೊಡೆಸಿ.

ಪ್ರಶ್ನೆ: ಆನ್‌ಲೈನಲ್ಲಿ ಚೆಂದದ ‘ಬೀ ಹೋಟೆಲ್’ (ಜೇನು ಬಂದು ಗೂಡು ಮಾಡ್ಲಿ ಅಂತ ಮಾರೋ ಪೆಟ್ಟಿಗೆ) ತರಿಸಿ ಸೀಬೆ ಮರಕ್ಕೆ ನೇತು ಹಾಕಿದ್ದೆ. ಜೇಡ ಬಿಟ್ಟು ಬೇರೆ ಯಾರೂ ಬಂದಿಲ್ಲ. ಟೊಮೆಟೊಗೆ ಪರಾಗಸ್ಪರ್ಶ ಆಗ್ಲಿ ಅಂತ ತರಿಸಿದ್ದು.
– ಓದುಗರು, ಸೋಮವಾರಪೇಟೆ

ನೇತು ಹಾಕಿದ್ದೇ ಮೊದಲ ತೊಂದರೆ. ಗಾಳಿಗೆ ತೂಗೋ ಮನೆಗೆ ಒಂಟಿ ಜೇನು (ಗುಂಪು ಕಟ್ಟದೆ ಒಂದೊಂದು ಹೆಣ್ಣೂ ತಾನೇ ಗೂಡು ಮಾಡೋ ಜೇನು) ಬರೋದು ಕಷ್ಟ, ಅದಕ್ಕೆ ಅಲ್ಲಾಡದ ಜಾಗ ಬೇಕು. ಆ ಹೋಟೆಲಲ್ಲಿ ಪೈನ್ ಕಾಯಿ, ಮರದ ಸಿಪ್ಪೆ ಎಲ್ಲಾ ತುಂಬಿರ್ತಾರಲ್ಲ, ಅದು ನಮ್ಮ ಕಣ್ಣಿಗೆ ಚೆಂದ, ಜೇಡಕ್ಕೂ ಇರುವೆಗೂ ಅನುಕೂಲ, ಜೇನಿಗೆ ಅದರಿಂದ ಏನೂ ಇಲ್ಲ. ನಮ್ಮಲ್ಲಿ ಬಿದಿರಿಗೆ ಬರವಾ? ಒಣಗಿದ ಸಣ್ಣ ಬಿದಿರನ್ನ ಒಂದು ಗೇಣು ಉದ್ದಕ್ಕೆ ಕುಯ್ಯಿರಿ, ಒಂದು ಕಡೆ ಗಿಣ್ಣು ಹಾಗೇ ಇರಲಿ, ಇನ್ನೊಂದು ಕಡೆ ಬಾಯಿ ತೆರೆದಿರಲಿ. ಒಳಗಿನ ತೂತು 6ರಿಂದ 10 ಮಿಲಿಮೀಟರ್, ಎಲ್ಲಾ ಒಂದೇ ಅಳತೆ ಬೇಡ. ಬಾಯಿಯ ಸಿಬಿರು ಉಜ್ಜಿ ತೆಗೀರಿ, ಇಲ್ಲಾಂದ್ರೆ ರೆಕ್ಕೆ ಹರಿಯತ್ತೆ. ಕಂತೆ ಕಟ್ಟಿ ಬೆಳಗಿನ ಬಿಸಿಲು ಬೀಳೋ ಹಾಗೆ ಪೂರ್ವಕ್ಕೆ ಮುಖ ಮಾಡಿ, ಸೂರಿನ ಕೆಳಗೆ ಎದೆ ಎತ್ತರದಲ್ಲಿ ಗೋಡೆಗೆ ಬಿಗಿಯಾಗಿ ಕೂರಿಸಿ. ಸೂರು ಅಂದ್ರೆ ಕೊಡಗಿನ ಮಳೆಗೆ ತಕ್ಕ ಸೂರು, ಜೂನ್ ಜುಲೈಯಲ್ಲಿ ಇರಚಲು ಹೊಡೆದು ಬಿದಿರು ನೆನೆದ್ರೆ ಒಳಗೆ ಇಟ್ಟಿರೋ ಪರಾಗದ ಉಂಡೆಗೆ ಬೂಸ್ಟು ಹಿಡಿದು ಮರಿ ಎಲ್ಲಾ ಹೋಗತ್ತೆ. ಕಂಬದ ಮೇಲೆ ಇಡೋದಾದ್ರೆ ಕಂಬಕ್ಕೆ ಗ್ರೀಸ್ ಹಚ್ಚಿ, ಇರುವೆಗೆ.

ಬಾಯಿಗೆ ಎಲೆ ತುಂಡು ಮೆತ್ತಿದ್ರೆ ಅದು ಎಲೆಕತ್ತರಿ ಜೇನು. ಮಣ್ಣು ಮೆತ್ತಿದ್ರೆ ಬಹುಶಃ ಕಣಜ, ಅದನ್ನೂ ಓಡಿಸ್ಬೇಡಿ, ತರಕಾರಿಯ ಹುಳ ಹಿಡಿದು ಮರಿಗೆ ತುಂಬಿಡತ್ತೆ. ಕೊಳವೆಯ ಒಳಗಡೆ ಹೆಣ್ಣು ಮೊಟ್ಟೆ, ಬಾಯಿ ಹತ್ರ ಗಂಡು ಮೊಟ್ಟೆ, ಗಂಡು ಮೊದಲು ಹೊರಗೆ ಬರತ್ತೆ. ಎಲ್ಲಾ ಖಾಲಿ ಆದ ಕೊಳವೆ ಎಸೆದು ಹೊಸದು ಇಡಿ, ಹಳೇದ್ರಲ್ಲಿ ನುಸಿ ಸೇರ್ಕೊಳ್ಳತ್ತೆ.

ಆದ್ರೆ ನಿಮ್ಮ ಟೊಮೆಟೊಗೆ ಈ ಕಂತೆಯಿಂದ ಹೆಚ್ಚೇನೂ ಆಗಲ್ಲ! ಟೊಮೆಟೊ, ಬದನೆ ಹೂವಲ್ಲಿ ಪರಾಗ ಕೊಳವೆಯೊಳಗೆ ಕೂತಿರತ್ತೆ, ಅದುರಿಸಿದ್ರೇನೇ ಚೆನ್ನಾಗಿ ಉದುರೋದು. ಜೇನುಪೆಟ್ಟಿಗೆಯ ನೊಣಕ್ಕೆ ಆ ವಿದ್ಯೆ ಗೊತ್ತಿಲ್ಲ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನು ಹೂ ಹಿಡ್ಕೊಂಡು ಜುಂಯ್ ಅಂತ ಅದುರಿಸತ್ತೆ. ಅದು ಗೂಡು ಮಾಡೋದು ಬಿದಿರಲ್ಲಲ್ಲ, ಮಣ್ಣಲ್ಲಿ. ತೋಟದ ಕೆಲಸದವರ ಹಳೇ ಲೈನ್‌ಮನೆಯ ಮಣ್ಣುಗೋಡೆ, ಮಳೆ ಬೀಳದ ಧರೆ (ಕಡಿದ ಮಣ್ಣಿನ ದಿಬ್ಬ) ಇದ್ರೆ ಸಿಮೆಂಟ್ ಬಳೀಬೇಡಿ, ಅಲ್ಲಿ ಕಳೆನಾಶಕನೂ ಬೇಡ.

ಪ್ರಶ್ನೆ: ಗುಲಾಬಿ ಎಲೆ ಯಾರೋ ಕತ್ತರಿಯಲ್ಲಿ ಗುಂಡಗೆ ಕತ್ತರಿಸಿದ ಹಾಗಿದೆ. ಏನು ಸ್ಪ್ರೇ ಮಾಡ್ಲಿ? ಮನೇಲಿ ಮಕ್ಕಳಿದ್ದಾರೆ, ಕಚ್ಚತ್ತಾ?
– ಓದುಗರು, ಗೋಣಿಕೊಪ್ಪ

ಏನೂ ಸ್ಪ್ರೇ ಬೇಡ ಅಕ್ಕ. ಅದೇ ಎಲೆಕತ್ತರಿ, ಎಲೆ ತಿನ್ನಲ್ಲ, ಮರಿಗೆ ಹಾಸೋಕೆ ಒಯ್ಯತ್ತೆ. ಗಿಡ ಸಾಯಲ್ಲ. ಕಾಯೋಕೆ ಜೇನುತುಪ್ಪನೂ ಇಲ್ಲ, ದೊಡ್ಡ ಸಂಸಾರನೂ ಇಲ್ಲ, ಹಾಗಾಗಿ ಮೈಮೇಲೆ ಬೀಳಲ್ಲ, ಕೈಯಲ್ಲಿ ಹಿಸುಕಿದ್ರೆ ಹೆಣ್ಣು ಚುಚ್ಚಬಹುದು ಅಷ್ಟೇ.

ಪ್ರಶ್ನೆ: ಮುಜಂಟಿ ಜೇನೂ ಒಂಟಿ ಜೇನೇನಾ?
– ಓದುಗರು, ವಿರಾಜಪೇಟೆ

ಅಲ್ಲ. ಮುಜಂಟಿಗೆ ರಾಣಿ, ಕೆಲಸದ ನೊಣ ಎಲ್ಲಾ ಇರತ್ತೆ, ಮುಳ್ಳಿಂದ ಚುಚ್ಚಲ್ಲ ಅಷ್ಟೇ.

ಪ್ರಶ್ನೆ: ಬಿದಿರು ಕಂತೆ ಇಟ್ರೆ ಕಾಫಿ ಫಸಲು ಜಾಸ್ತಿ ಆಗತ್ತಾ?
– ಬೆಳೆಗಾರರು, ಸಿದ್ದಾಪುರ

ಅಷ್ಟು ಆಸೆ ಇಟ್ಕೋಬೇಡಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟತ್ತೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು ನಿಜ, ಆದ್ರೆ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದು ಇಡೀ ತೋಟ ಒಟ್ಟಿಗೆ ಬೆಳ್ಳಗಾಗಿ ಎರಡು ಮೂರು ದಿನದಲ್ಲಿ ಮುಗಿಯೋ ಹೂವಿಗೆ ಗಾಳಿ, ಹೆಜ್ಜೇನು, ತುಡುವೆಯೇ ಗತಿ. ಕಂತೆ ಮನೆ ಹಿತ್ತಲಿಗೆ ಇರಲಿ. ತೋಟದಲ್ಲಿ ಹೂ ಇರೋವಾಗ ಔಷಧಿ ಹೊಡೀಬೇಡಿ, ಹೆಜ್ಜೇನು ಕಟ್ಟೋ ದೊಡ್ಡ ಮರ ಕಡೀಬೇಡಿ.