ಧರಣಿಗೆ ಬಂದವರ ವೋಟು ಎಲ್ಲಿ ಹೋಗತಾವ?

ಪ್ರಶ್ನೆ: ಧಾರವಾಡದ ಡಿಸಿ ಕಚೇರಿ ಮುಂದ ಕೆಂಬಾವುಟ ಹಿಡಿದು ಸಾವಿರ ಮಂದಿ ಕೂಡ್ತಾರ. ಎಲೆಕ್ಷನ್ ಬಂತಂದ್ರ ಅದೇ ಎಡಪಕ್ಷದ ಠೇವಣಿ ಹೋಗತದ. ಯಾಕ?
– ಓದುಗರು, ನವಲಗುಂದ

ಉತ್ತರ: ಲೆಕ್ಕ ಹಾಕಿ ನೋಡಿ. ಠೇವಣಿ ಉಳಿಯಲು ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲನ್ನು ದಾಟಬೇಕು. ಒಂದು ಕ್ಷೇತ್ರದಲ್ಲಿ 1,50,000 ಸಿಂಧು ಮತ, 230 ಬೂತ್ ಎಂದು ಹಿಡಿದರೆ 25,000 ದಾಟಬೇಕು. ಬೂತಿಗೆ ಸರಾಸರಿ 109. ಧರಣಿಯ ಸಾವಿರ ಮಂದಿ ಜಿಲ್ಲೆಯ 7 ಕ್ಷೇತ್ರಗಳಿಂದ ಬಂದವರು. ಒಂದು ಕ್ಷೇತ್ರದ ಪಾಲಿಗೆ ಸುಮಾರು 140. ಮನೆಗೆ ನಾಲ್ಕು ವೋಟು ತಪ್ಪದೆ ಬಿದ್ದರೂ ಬೂತಿಗೆ ಮೂರು ಕೂಡ ಆಗುವುದಿಲ್ಲ.

ಅಂಗನವಾಡಿ, ಆಶಾ, ಬಿಸಿಯೂಟದ ಸಂಘಗಳಿಗೆ ಊರೂರಲ್ಲೂ ಇಬ್ಬರು ಮೂವರು ಇರುತ್ತಾರೆ. ಗೌರವಧನದ ಹೋರಾಟಕ್ಕೆ ಅದೇ ಶಕ್ತಿ, ಬೂತಿನಲ್ಲಿ ಅದು ಸಾಲದು. ಮೇಲಾಗಿ ಆ ಕಾರ್ಯಕರ್ತೆಯ ಮನೆಯ ಬೆಳೆವಿಮೆ, ಉತಾರದ ತಿದ್ದುಪಡಿ, ರೇಷನ್ ಕಾರ್ಡಿಗೆ ಓಡಾಡುವವರು ಬೇರೆ ಪಕ್ಷದವರು. ಮನೆಯ ವೋಟು ಅವರ ಕಡೆ ಹೋದರೆ ಆಕೆಯನ್ನು ದೂರುವುದು ಅನ್ಯಾಯ.

ಹೋರಾಟದ ಫಲ ಬೇರೆಯವರ ಪಾಲಾಗುವುದು ಈ ಭಾಗಕ್ಕೆ ಹೊಸದಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರಿಗೆ ಬಲಿಯಾದರು. ಆ ಸಿಟ್ಟು ರೈತ ಸಂಘಕ್ಕೆ ಬಲ ತಂದಿತು. 1983ರಲ್ಲಿ ಸರ್ಕಾರ ರಚಿಸಿದ್ದು ಮಾತ್ರ ಜನತಾ ಪಕ್ಷ.

ಪ್ರಶ್ನೆ: 34 ವರ್ಷ ಆಳಿದ ಬಂಗಾಳದಲ್ಲೇ ಎಡಪಕ್ಷ ನೆಲ ಕಚ್ಚಿದ ಮೇಲೆ ಮೈತ್ರಿಯೊಂದೇ ದಾರಿಯಲ್ಲವೇ?
– ಓದುಗರು, ಹಾವೇರಿ

ಉತ್ತರ: ಅಲ್ಲ. 2016ರಲ್ಲಿ ಅಲ್ಲಿ ಕಾಂಗ್ರೆಸ್ ಜೊತೆ ಹೋದಾಗ ಕಾಂಗ್ರೆಸ್ಸಿಗೆ 44, ಸಿಪಿಎಂಗೆ 26 ಸೀಟು. 2021ರಲ್ಲಿ ಇಬ್ಬರಿಗೂ ಸೊನ್ನೆ. ಗೇಣಿದಾರರ ಹಕ್ಕನ್ನು ದಾಖಲಿಸಿ ಬೆಳೆದ ಪಕ್ಷವೇ ಸಿಂಗೂರು, ನಂದಿಗ್ರಾಮದಲ್ಲಿ ರೈತರ ಭೂಮಿಗೆ ಕೈಹಾಕಿತು. ಆ ಗಾಯ ಮೈತ್ರಿಯಿಂದ ಮಾಯುವಂಥದ್ದಲ್ಲ.

ಪ್ರಶ್ನೆ: ಹಂಗಾದ್ರ ಮುಂದ ಎಲ್ಲಿಂದ ಶುರು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ನಮೂನೆ 20ರಿಂದ, ಅಂದರೆ ಕ್ಷೇತ್ರದ ಅಂತಿಮ ಫಲಿತಾಂಶದ ಪಟ್ಟಿಯಿಂದ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂಬುದು ಅದರಲ್ಲಿರುತ್ತದೆ. ಹಿಂದಿನ ಚುನಾವಣೆಯದನ್ನೂ ಪಕ್ಕಕ್ಕಿಟ್ಟು ನೋಡಿ. ಬೂತ್ ಸಂಖ್ಯೆಯನ್ನು ಮಾತ್ರ ನಂಬಬೇಡಿ. ನಡುವೆ ಬೂತುಗಳನ್ನು ಒಡೆದಿರುತ್ತಾರೆ, ಆಗ ಒಂದು ಓಣಿಯ ಲೆಕ್ಕ ಇನ್ನೊಂದಕ್ಕೆ ಕೂಡುತ್ತದೆ. ಮತದಾರರ ಪಟ್ಟಿಯಲ್ಲಿ ಓಣಿಯ ಹೆಸರು ತಾಳೆ ನೋಡಿ.

ಸದಸ್ಯರಿದ್ದೂ ಮತ ಬೀಳದ ಬೂತುಗಳ ಚಿಂತೆ ಆಮೇಲೆ. ಸದಸ್ಯರೇ ಇಲ್ಲದ ಕಡೆ 30–40 ಮತ ಬಿದ್ದಿದ್ದರೆ ಮೊದಲು ಅಲ್ಲಿಗೆ ಹೋಗಿ. ಪಕ್ಷಕ್ಕೆ ಗೊತ್ತಿಲ್ಲದವರು ಯಾರೋ ಅಲ್ಲಿ ಪಕ್ಷದ ಪರ ಮಾತಾಡಿದ್ದಾರೆ. ಅವರನ್ನು ಹುಡುಕಿ.

2021ರ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ವಾರ್ಡು ಇದ್ದವು. ಎಲ್ಲೆಡೆ ನಿಂತು ಸೋಲುವ ಬದಲು ಮೂರು ನಾಲ್ಕನ್ನು ಆರಿಸಿ, ಐದು ವರ್ಷ ಅಲ್ಲೇ ಕೂತು ನೀರು, ಉತಾರ, ಪಿಂಚಣಿಯ ಕೆಲಸ ಮಾಡಿಸಿ. ಮತದಾನದ ದಿನ ಆ ವಾರ್ಡುಗಳ ಪ್ರತಿ ಬೂತಿನಲ್ಲೂ ನಿಮ್ಮ ಏಜೆಂಟ್ ಕೊನೆಯವರೆಗೂ ಕೂತಿರಬೇಕು.