ಪಕ್ಕದೂರಿಗಿಲ್ಲದ ಕಾಯಿಲೆ ನಮ್ಮೂರಿಗೇಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಮಲೆನಾಡಿನ ತಾಲ್ಲೂಕುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗರ್ಭಕೊರಳಿನ ಕ್ಯಾನ್ಸರ್ ಕುರಿತವು. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕಾಯಿತು.

ಪ್ರಶ್ನೆ: ನಮ್ಮೂರಲ್ಲಿ ಹೆಚ್ಚೂಕಡಿಮೆ ಸಾವಿರ ಜನ. ಹತ್ತು ವರ್ಷದಲ್ಲಿ ಮೂವರು ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು, ಇಬ್ಬರು ತೀರಿಕೊಂಡರು. ಹೊಳೆಯಾಚೆಯ ಊರಲ್ಲಿ ಒಬ್ಬರಿಗೂ ಇಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಬಾವಿಗಿಳಿದು ಹೀಗಾಗುತ್ತಿದೆಯೇ? ನೀರು ಪರೀಕ್ಷೆ ಮಾಡಿಸಬೇಕೇ?
– ಹೊಸನಗರ ತಾಲ್ಲೂಕಿನ ಓದುಗರು

ಮೊದಲು ಆ ಮೂರೂ ಮನೆಯವರು ಒಪ್ಪಿದರೆ ಬಯಾಪ್ಸಿ ರಿಪೋರ್ಟ್ ತೆಗೆಸಿ ನೋಡಿ. ನಮ್ಮ ಕಡೆ 'ಗರ್ಭಕೋಶದ ಕ್ಯಾನ್ಸರ್' ಅನ್ನುವ ಒಂದೇ ಮಾತಿನಲ್ಲಿ ಮೂರು ಕಾಯಿಲೆಗಳು ಸೇರಿಕೊಂಡಿರುತ್ತವೆ. ರಿಪೋರ್ಟಿನಲ್ಲಿ 'ಸರ್ವಿಕ್ಸ್' ಎಂದಿದ್ದರೆ ಅದು ಗರ್ಭಕೋಶದ ಬಾಯಿಯದು, ಅಂದರೆ ಗರ್ಭಕೊರಳಿನದು. 'ಎಂಡೋಮೆಟ್ರಿಯಂ' ಎಂದಿದ್ದರೆ ಒಳಪದರದ್ದು. 'ಓವರಿ' ಎಂದಿದ್ದರೆ ಅಂಡಾಶಯದ್ದು. ಮೂರಕ್ಕೂ ಕಾರಣ ಬೇರೆ. ಗಂಡು-ಹೆಣ್ಣಿನ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವುದು ಮೊದಲನೆಯದು; ಮುಂಚೆಯೇ ಪರೀಕ್ಷೆ ಮಾಡಿ ತಡೆಯಬಹುದಾದದ್ದೂ ಅದೊಂದೇ.

ಮೂರೂ ಗರ್ಭಕೊರಳಿನವೇ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 2022ರಲ್ಲಿ ಭಾರತದಲ್ಲಿ ಈ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 1,27,000 ಎಂಬ ಅಂದಾಜಿದೆ. ದೇಶದ ಹೆಂಗಸರ ಸಂಖ್ಯೆಯಿಂದ ಭಾಗಿಸಿದರೆ ಲಕ್ಷಕ್ಕೆ ವರ್ಷಕ್ಕೆ 18ರ ಆಸುಪಾಸು. ನಿಮ್ಮೂರಲ್ಲಿ ಹೆಂಗಸರು 500 ಎಂದರೆ ಹತ್ತು ವರ್ಷಕ್ಕೆ ಬರುವ ಸರಾಸರಿ 0.9, ಒಂದಕ್ಕೂ ತುಸು ಕಡಿಮೆ. ಆದರೆ ಎಲ್ಲ ಊರಿಗೂ ಸಮನಾಗಿ ಒಂದೊಂದು ಹಂಚಿ ಬರುವುದಿಲ್ಲ. ಇಂಥ ನೂರು ಊರುಗಳಿದ್ದು, ಎಲ್ಲ ಕಡೆಯೂ ಅಪಾಯ ಒಂದೇ ಆಗಿದ್ದರೂ, ಸುಮಾರು 41 ಊರಲ್ಲಿ ಹತ್ತು ವರ್ಷದಲ್ಲಿ ಒಬ್ಬರಿಗೂ ಬರುವುದಿಲ್ಲ, 37ರಲ್ಲಿ ಒಬ್ಬರಿಗೆ, 16ರಲ್ಲಿ ಇಬ್ಬರಿಗೆ, ಉಳಿದ ಆರು ಊರಲ್ಲಿ ಮೂವರಿಗೆ ಅಥವಾ ಹೆಚ್ಚು ಜನಕ್ಕೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರಕ್ಕೂ ಮಿಕ್ಕಿ ಹಳ್ಳಿಗಳಿವೆ. ನಿಮ್ಮಂಥ ಊರು, ಹೊಳೆಯಾಚೆಯಂಥ ಊರು ಎರಡೂ ಬೇಕಾದಷ್ಟು ಸಿಗುತ್ತವೆ. ಮೂವರಾದ ಊರಿನವರು ಪತ್ರ ಬರೆಯುತ್ತಾರೆ. ಒಬ್ಬರೂ ಇಲ್ಲದ ಊರಿನವರಿಗೆ ಅದು ಗಮನಕ್ಕೇ ಬರುವುದಿಲ್ಲ.

ಊರಿನಿಂದ ಊರಿಗೆ ಕಾಯಿಲೆ ಬೇರೆಯಾಗುವುದನ್ನು ಮಲೆನಾಡಿನವರು ಕಣ್ಣಾರೆ ಕಂಡಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಉಣುಗು ಇರುವ ಕಾಡಂಚಿಗೆ ಅಂಟಿಕೊಂಡೇ ಇದೆ. ಸೊಪ್ಪು ತರಲು ಹೋದವರಿಗೆ ಕೆಲವೇ ದಿನದಲ್ಲಿ ಜ್ವರ ಬರುತ್ತದೆ, ಜಾಗ ಯಾವುದೆಂದು ತೋರಿಸಬಹುದು. ಗರ್ಭಕೊರಳಿನ ಕ್ಯಾನ್ಸರ್ ಹಾಗಲ್ಲ. ಎಚ್‌ಪಿವಿ ಸೇರಿದ ಮೇಲೆ ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಈಗ ನಿಮ್ಮೂರಲ್ಲಿರುವ 50ರ ಹೆಂಗಸು ವೈರಸ್ ಸೇರಿದಾಗ ಬೇರೆ ತಾಲ್ಲೂಕಿನಲ್ಲಿ ಇದ್ದಿರಬಹುದು, ಬೆಂಗಳೂರಿನಲ್ಲೂ ಇದ್ದಿರಬಹುದು. ರೋಗ ಪತ್ತೆಯಾದ ಊರು ರೋಗ ಶುರುವಾದ ಊರಾಗಿರಬೇಕಿಲ್ಲ.

ಎಚ್‌ಪಿವಿ ಎಂದ ಕೂಡಲೇ ನಡತೆಯ ಮಾತೆತ್ತುವವರಿದ್ದಾರೆ. ಅದು ತಪ್ಪು, ಅನ್ಯಾಯವೂ ಹೌದು. ಸಂಸಾರ ಮಾಡುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ಸೇರುತ್ತದೆ. ಜೀವಮಾನದಲ್ಲಿ ಗಂಡನೊಬ್ಬನೇ ಎಂಬ ಹೆಂಗಸಿಗೂ ಬರುತ್ತದೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಿಗೆ ಮಾತ್ರ ತೊಂದರೆ.

ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಈ ಕ್ಯಾನ್ಸರಿಗೆ ಕಾರಣವಲ್ಲ. ಬಾವಿ ನೀರನ್ನು ವಾಂತಿಭೇದಿಯ ರೋಗಾಣುಗಳಿಗಾಗಿ ಪರೀಕ್ಷೆ ಮಾಡಿಸಿ, ಅದು ಬೇರೆ ವಿಷಯ. ಗರ್ಭಕೊರಳಿನ ಕ್ಯಾನ್ಸರಿಗಾಗಿ ಅದಕ್ಕೆ ದುಡ್ಡು ಹಾಕುವುದಾದರೆ, ಅದೇ ದುಡ್ಡಿನಲ್ಲಿ ಒಂದು ಜೀಪು ಗೊತ್ತುಮಾಡಿ ಊರಿನ 30 ದಾಟಿದ ಹೆಂಗಸರನ್ನೆಲ್ಲ ಪರೀಕ್ಷೆಗೆ ಕಳಿಸಿ.

ಪ್ರಶ್ನೆ: ಈಶಾನ್ಯದ ಒಂದು ಜಿಲ್ಲೆಯಲ್ಲಿ ಈ ಕ್ಯಾನ್ಸರ್ ದೇಶದಲ್ಲೇ ಹೆಚ್ಚು ಎಂದು ಓದಿದೆ. ಜಾಗದಿಂದ ಜಾಗಕ್ಕೆ ಇಷ್ಟು ವ್ಯತ್ಯಾಸ ಏಕೆ? ಬೆಂಗಳೂರಿನ ಅಂಕಿ ನಮಗೂ ಅನ್ವಯಿಸುತ್ತದೆಯೇ?
– ಶಿಕ್ಷಕಿ, ತೀರ್ಥಹಳ್ಳಿ

ನೀವು ಓದಿದ್ದು ಅರುಣಾಚಲದ ಪಾಪುಂಪಾರೆ ಜಿಲ್ಲೆಯ ವಿಷಯ ಇರಬೇಕು. 2012–16ರ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯಲ್ಲಿ ಅಲ್ಲಿನ ದರ ಲಕ್ಷ ಹೆಂಗಸರಿಗೆ 27.7. ಅತಿ ಕಡಿಮೆ ದರ ಅಸ್ಸಾಮಿನ ದಿಬ್ರೂಗಢದ್ದು, 4.8. ಎರಡೂ ಈಶಾನ್ಯದವೇ ಎಂಬುದನ್ನು ಗಮನಿಸಿ.

ಇವು ವಯಸ್ಸಿಗೆ ಹೊಂದಿಸಿದ ದರಗಳು. ಹುಡುಗರೆಲ್ಲ ಕೆಲಸಕ್ಕೆ ಬೆಂಗಳೂರು ಸೇರಿ, ಮನೆಯಲ್ಲಿ 50–60 ದಾಟಿದವರೇ ಉಳಿದಿರುವ ಊರುಗಳು ನಿಮ್ಮ ತಾಲ್ಲೂಕಿನಲ್ಲಿ ಎಷ್ಟಿಲ್ಲ? ಕ್ಯಾನ್ಸರ್ ವಯಸ್ಸಾದವರಿಗೆ ಹೆಚ್ಚು. ಹಾಗಾಗಿ ಬರೀ ತಲೆ ಎಣಿಸಿದರೆ ಅಂಥ ಊರು ಕೆಟ್ಟದಾಗಿ ಕಾಣುತ್ತದೆ. ಎರಡೂ ಕಡೆಯ ವಯಸ್ಸಿನ ಹಂಚಿಕೆ ಒಂದೇ ಆಗಿದ್ದರೆ ಎಷ್ಟಾಗುತ್ತಿತ್ತು ಎಂದು ತಿದ್ದಿದ ಮೇಲೆಯೇ ಹೋಲಿಸಬೇಕು.

ನಿಜವಾದ ವ್ಯತ್ಯಾಸಕ್ಕೆ ಕಾರಣಗಳು ಹಲವು: ಮದುವೆಯ ವಯಸ್ಸು, ಹೆರಿಗೆಗಳ ಸಂಖ್ಯೆ, ಗಂಡಸರ ಹೊರ ಸಂಬಂಧಗಳು, ಬೀಡಿ-ಸಿಗರೇಟು, ಎಚ್‌ಐವಿ, ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷೆ ಸಿಗುತ್ತದೆಯೋ ಇಲ್ಲವೋ ಎಂಬುದು. ದೊಡ್ಡ ಪರೀಕ್ಷಾ ಕಾರ್ಯಕ್ರಮವಿಲ್ಲದೆಯೂ ಬೆಂಗಳೂರು, ಚೆನ್ನೈಗಳಲ್ಲಿ 1980ರ ದಶಕದಿಂದ ದರ ಇಳಿಯುತ್ತ ಬಂದಿದೆ. ಹುಡುಗಿಯರು ಓದಿದ್ದು, ತಡವಾಗಿ ಮದುವೆಯಾದದ್ದು, ಮಕ್ಕಳು ಕಡಿಮೆಯಾದದ್ದು ಅದಕ್ಕೆ ಮುಖ್ಯ ಕಾರಣ. ನಿಮ್ಮ ಶಾಲೆಯ ಹುಡುಗಿಯೊಬ್ಬಳನ್ನು ಪಿಯುಸಿವರೆಗೆ ಉಳಿಸಿಕೊಂಡರೆ ಈ ದರಕ್ಕೂ ನೀವು ಕೈ ಹಾಕಿದಂತೆಯೇ.

ಬೆಂಗಳೂರಿನ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಅದು ಲೆಕ್ಕಕ್ಕೆ ಹಿಡಿಯುವುದು ಆ ನಗರದ ನಿವಾಸಿಗಳನ್ನು. ತೀರ್ಥಹಳ್ಳಿಯವರು ಅಲ್ಲಿ ಚಿಕಿತ್ಸೆ ಪಡೆದರೆ ಆಸ್ಪತ್ರೆಯ ಲೆಕ್ಕಕ್ಕೆ ಸೇರುತ್ತಾರೆಯೇ ಹೊರತು ನಗರದ ದರಕ್ಕಲ್ಲ. ಹೀಗಾಗಿ ಅಲ್ಲಿ ಇಳಿದಿದೆ ಎಂದು ಇಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ. ಮಣಿಪಾಲಕ್ಕೆ ಹೋದವರಷ್ಟು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದವರಷ್ಟು ಎಂದು ಕೂಡಿಸಿದರೂ ದರ ಸಿಗುವುದಿಲ್ಲ. ಎಲ್ಲಿಗೂ ಹೋಗದೆ ಮನೆಯಲ್ಲೇ ತೀರಿಕೊಂಡವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರಶ್ನೆ: ನನಗೆ 42. ಆಶಾ ಕಾರ್ಯಕರ್ತೆ ಪರೀಕ್ಷೆಗೆ ಕರೆಯುತ್ತಿದ್ದಾರೆ. ಏನು ಮಾಡುತ್ತಾರೆ? ನಾಚಿಕೆ, ಭಯ ಎರಡೂ ಇದೆ. ಆಗಾಗ ಬಿಳಿಸೆರಗೂ ಇದೆ.
– ಸಾಗರ

ಹೋಗಿ ಬನ್ನಿ. 30ರಿಂದ 65ರವರೆಗಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30–49ರ ಹೆಂಗಸರಲ್ಲಿ ಇದನ್ನು ಎಂದಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ಹೆಸರು ವಿಐಎ. ಮುಟ್ಟಿನ ದಿನಗಳಲ್ಲಿ ಬೇಡ. ಹಿಂದಿನ ಎರಡು ದಿನ ಗಂಡನ ಜೊತೆ ಸೇರುವುದು, ಒಳಗೆ ಮಾತ್ರೆ ಇಡುವುದು ಬೇಡ. ಮೂತ್ರ ಮಾಡಿ ಬಂದು ಮಲಗಿದರೆ ಹೊಟ್ಟೆ ಸಡಿಲವಾಗಿರುತ್ತದೆ. ಸ್ಪೆಕ್ಯುಲಮ್ ಎಂಬ ಸಾಧನದಿಂದ ದಾರಿ ಬಿಡಿಸಿ, ಗರ್ಭಕೊರಳಿಗೆ ಶೇ. 3–5ರ ಅಸಿಟಿಕ್ ಆಮ್ಲ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಟಾರ್ಚ್ ಬೆಳಕಿನಲ್ಲಿ ನೋಡುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ದಟ್ಟ ಬೆಳ್ಳಗಾಗುತ್ತದೆ. ತುಸು ಚುರುಗುಡಬಹುದು. ಒಟ್ಟು ಐದು–ಹತ್ತು ನಿಮಿಷ. ನೋಡುವವರು ಹೆಂಗಸೇ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ.

ಪರೀಕ್ಷೆ ಹಾಳಾಗುವುದು ಸಣ್ಣ ಕಾರಣಗಳಿಂದ. ದ್ರಾವಣವನ್ನು ಅಂದಂದೇ ಮಾಡಿಕೊಳ್ಳಬೇಕು: 5 ಎಂಎಲ್ ಗ್ಲೇಸಿಯಲ್ ಅಸಿಟಿಕ್ ಆಮ್ಲಕ್ಕೆ 95 ಎಂಎಲ್ ಡಿಸ್ಟಿಲ್ಡ್ ನೀರು. ಹಳೆಯದಾದರೆ ಬಿಳುಪು ಮೂಡುವುದಿಲ್ಲ; ನೀರು ಬೆರೆಸದಿದ್ದರೆ ಸುಡುತ್ತದೆ. ನಿಮಿಷ ಕಾಯದೆ ನೋಡಿದರೆ ಇದ್ದದ್ದೂ ತಪ್ಪಿಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂತರೂ ಅಷ್ಟೇ. ಪಿಎಚ್‌ಸಿಯ ಸಿಸ್ಟರ್‌ಗಳು ಚಾರ್ಜ್ ಮಾಡಿದ ಬಿಳಿ ಬೆಳಕಿನ ಟಾರ್ಚ್ ಜೊತೆಗಿಟ್ಟುಕೊಳ್ಳಿ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ, ಅವರಿಗೆ ವಿಐಎಗಿಂತ ಎಚ್‌ಪಿವಿ ಪರೀಕ್ಷೆ ಒಳ್ಳೆಯದು. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸರು ಪರದೆಯ ಹಿಂದೆ ತಾವೇ ತೆಗೆದುಕೊಡಬಹುದು.

'ಪಾಸಿಟಿವ್' ಎಂದರೆ ಕ್ಯಾನ್ಸರ್ ಎಂದಲ್ಲ. ಬಿಳಿಸೆರಗಿನ ಸೋಂಕಿದ್ದರೂ ಬೆಳ್ಳಗೆ ಕಾಣಬಹುದು, ಆದ್ದರಿಂದ ನಿಮ್ಮ ತೊಂದರೆಯನ್ನು ಮೊದಲೇ ಹೇಳಿ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ 100 ಡಿಗ್ರಿಗೆ ಕಾಯಿಸಿದ ಸಣ್ಣ ಸಾಧನವನ್ನು 20–30 ಸೆಕೆಂಡು ತಾಗಿಸಿ ಅಲ್ಲೇ ಸುಟ್ಟುಬಿಡುವ ಚಿಕಿತ್ಸೆ ಇದೆ. ಆಮೇಲೆ ಕೆಲವು ವಾರ ನೀರಿನಂತೆ ಹೋಗುತ್ತದೆ, ಹೆದರಬೇಡಿ. ನಾಲ್ಕು ವಾರ ಸಂಪರ್ಕ ಬೇಡ, ವರ್ಷದ ಮೇಲೆ ಮತ್ತೆ ತೋರಿಸಿ.

ಹಳ್ಳಿಯಲ್ಲಿ ಇದರಿಂದ ಏನಾದೀತು ಅನ್ನುವವರಿಗೆ ಎರಡು ಉದಾಹರಣೆ ಹೇಳಿ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಧ್ಯಯನದಲ್ಲಿ ಒಂದೇ ಸಲದ ವಿಐಎಯಿಂದ ಸಾವು ಶೇ. 35 ಇಳಿಯಿತು. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಸಾವು ಅರ್ಧದಷ್ಟಾಯಿತು. ಎರಡೂ ಕೂಲಿ, ಬೇಸಾಯದ ಹಳ್ಳಿಗಳೇ.

ಪ್ರಶ್ನೆ: ಅಮ್ಮನಿಗೆ 63. ಮುಟ್ಟು ನಿಂತು 12 ವರ್ಷವಾದ ಮೇಲೆ ಈಗ ಮತ್ತೆ ರಕ್ತ ಕಾಣಿಸುತ್ತಿದೆ. ಕೊನೆಕೊಯ್ಲು ಮುಗಿಯಲಿ, ಅಡಿಕೆ ಸುಲಿದು ಬೇಯಿಸಿ ಆಮೇಲೆ ಹೋಗೋಣ ಅನ್ನುತ್ತಾರೆ.
– ಸೊರಬ

ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ. ಕೊಯ್ಲು ಮುಗಿಯುವ ಹೊತ್ತಿಗೆ ಮೂರು ತಿಂಗಳಾಗುತ್ತದೆ. ಹೀಗೆ ರಕ್ತ ಕಂಡ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೆ ಆ ಒಬ್ಬರು ಯಾರೆಂದು ನೋಡದೆ ಗೊತ್ತಾಗುವುದಿಲ್ಲ. ಬರೀ ಸ್ಕ್ಯಾನಿಂಗ್ ಮಾಡಿಸಿ 'ನಾರ್ಮಲ್' ಎಂದು ಹಿಂತಿರುಗಬೇಡಿ. ಸ್ಪೆಕ್ಯುಲಮ್ ಹಾಕಿ ಗರ್ಭಕೊರಳನ್ನು ನೋಡಲೇಬೇಕು. ತುಣುಕು ತೆಗೆದು ನಿಮ್ಮ ಕೈಗೆ ಸೀಸೆ ಕೊಟ್ಟರೆ ಅದರಲ್ಲಿ ಫಾರ್ಮಲಿನ್ ಇದೆಯೇ ಎಂದು ಕೇಳಿ. ಸಲೈನಿನಲ್ಲಿ ಅಥವಾ ಬರಿ ಸೀಸೆಯಲ್ಲಿ ಒಯ್ದ ತುಣುಕು ಕೆಟ್ಟು, ಇನ್ನೊಮ್ಮೆ ತೆಗೆಯಬೇಕಾಗುತ್ತದೆ.

ಗರ್ಭಕೊರಳಿನ ಕ್ಯಾನ್ಸರ್ ಎಂದೇ ಆದರೆ, ಸಣ್ಣದಿದ್ದಾಗ ಆಪರೇಷನ್. ಬೆಳೆದಿದ್ದರೆ ವಾರಕ್ಕೆ ಐದು ದಿನದಂತೆ ಐದು ವಾರ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಕೊನೆಗೆ ಒಳಗಿನಿಂದ ಕೊಡುವ ವಿಕಿರಣ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ಅದರಾಚೆ ಎಳೆದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1 ಇಳಿಯುತ್ತದೆ. ನಮ್ಮ ಕಡೆಯವರು ಎಡವುವುದು ಇಲ್ಲೇ: ಐದು ವಾರ ಮುಗಿದ ಕೂಡಲೇ ರಕ್ತ ನಿಲ್ಲುತ್ತದೆ, ಗುಣವಾಯಿತೆಂದು ಮನೆಗೆ ಬಂದುಬಿಡುತ್ತಾರೆ. ಒಳವಿಕಿರಣ ತಪ್ಪಿದರೆ ಚಿಕಿತ್ಸೆ ಅರ್ಧವೇ. ಮೊದಲೇ ವಸತಿ, ಜೊತೆಗಿರುವವರು ಯಾರೆಂಬುದನ್ನು ಎಂಟು ವಾರಕ್ಕೂ ಗೊತ್ತು ಮಾಡಿಕೊಳ್ಳಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿಟ್ಟುಕೊಂಡು ಹೊರಡಿ.

ಪ್ರಶ್ನೆ: ಮಗಳಿಗೆ 13, ಅಕ್ಕನ ಮಗಳಿಗೆ 17. ಎಚ್‌ಪಿವಿ ಲಸಿಕೆ ಎಷ್ಟು ಡೋಸ್?
– ಭದ್ರಾವತಿ

ಲಸಿಕೆಯ ಜೊತೆ ಬರುವ ಸೂಚನೆಯ ಪ್ರಕಾರ 9ರಿಂದ 14ರವರೆಗೆ ಆರು ತಿಂಗಳ ಅಂತರದಲ್ಲಿ ಎರಡು. 15 ದಾಟಿದವರಿಗೆ ಮೂರು, ಎರಡನೆಯದು ಎರಡು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. 9–20ರ ವಯಸ್ಸಿಗೆ ಒಂದೇ ಡೋಸೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಕೊನೆಯಲ್ಲಿ ಹೇಳಿದೆ, ಹಾಗಾಗಿ ದುಡ್ಡು ಹೊಂದದಿದ್ದರೆ ಒಂದನ್ನಾದರೂ ಹಾಕಿಸಿ. ತೋಳಿಗೆ ಚುಚ್ಚಿದ ಮೇಲೆ 15 ನಿಮಿಷ ಕೂರಿಸಿ, ಈ ವಯಸ್ಸಿನ ಹುಡುಗಿಯರಿಗೆ ಸೂಜಿಯ ಹೆದರಿಕೆಗೇ ತಲೆ ಸುತ್ತುತ್ತದೆ. ಮೈಗೆ ಸೇರಿಬಿಟ್ಟ ವೈರಸ್ಸನ್ನು ಲಸಿಕೆ ತೆಗೆಯಲಾರದು, ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯದು. ಅದಕ್ಕೇ ಹಾಕಿಸಿಕೊಂಡವರೂ 30ರ ಮೇಲೆ ಪರೀಕ್ಷೆಗೆ ಹೋಗಬೇಕು.

ಪ್ರಶ್ನೆ: ಗರ್ಭಕೋಶ ತೆಗೆಸಿದ್ದೇನೆ. ನನಗೂ ಪರೀಕ್ಷೆ ಬೇಕೇ?
– ಕೊಪ್ಪ

ಡಿಸ್ಚಾರ್ಜ್ ಚೀಟಿ ನೋಡಿ. 'ಟೋಟಲ್' ಎಂದಿದ್ದರೆ ಗರ್ಭಕೊರಳೂ ಹೋಗಿದೆ. ಆಪರೇಷನ್ ಗಡ್ಡೆಗೋ ರಕ್ತಸ್ರಾವಕ್ಕೋ ಆಗಿದ್ದರೆ ಪರೀಕ್ಷೆ ಬೇಡ. 'ಸಬ್‌ಟೋಟಲ್' ಎಂದಿದ್ದರೆ ಕೊರಳು ಉಳಿದಿದೆ, ಎಲ್ಲರಂತೆ ಮಾಡಿಸಿ. ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಾಗಿಯೇ ತೆಗೆದಿದ್ದರೆ ತಪಾಸಣೆ ಬಿಡುವಂತಿಲ್ಲ. ಚೀಟಿ ಕಳೆದಿದ್ದರೆ ಸ್ಪೆಕ್ಯುಲಮ್ ಹಾಕಿ ನೋಡಿದ ಸಿಸ್ಟರ್ ಒಂದೇ ನಿಮಿಷದಲ್ಲಿ ಹೇಳುತ್ತಾರೆ.