ಹಿಂಡಿಗೊಬ್ಬ ಯಜಮಾನ ಬೇಕೇ?

ಪ್ರಶ್ನೆ: ಸಾವಿರಾರು ಕಬ್ಬಕ್ಕಿಗಳು ಆಕಾಶದಲ್ಲಿ ಒಮ್ಮೆಗೇ ಹೊರಳುತ್ತವೆ. ಅವುಗಳ ನಾಯಕ ಯಾರು? ನಾಯಕ ಇಲ್ಲದಿದ್ದರೆ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹೋಗುತ್ತದೆಯೇ?

ಉತ್ತರ: ಬೇರೆ ಬೇರೆ ಮಾತಿನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಂದು ಸಲ ಉದ್ದಕ್ಕೆ ಬರೆದು ಕೈತೊಳೆದುಕೊಳ್ಳುತ್ತೇನೆ.

ನಾಯಕನೂ ಇಲ್ಲ, ಟೆಲಿಪಥಿಯೂ ಇಲ್ಲ. 1931ರಲ್ಲಿ ಎಡ್ಮಂಡ್ ಸೆಲೂಸ್ ಎಂಬ ಬ್ರಿಟಿಷ್ ಪಕ್ಷಿವೀಕ್ಷಕರು ಇದು ಆಲೋಚನೆಯ ವರ್ಗಾವಣೆ ಇರಬಹುದೆಂದು ಬರೆದಿದ್ದರು. ಅವರ ಬಳಿ ಇದ್ದದ್ದು ಎರಡು ಕಣ್ಣು ಮಾತ್ರ, ಅವರನ್ನು ಕ್ಷಮಿಸಬಹುದು. ಇವತ್ತಿಗೂ ‘ಸಾಮೂಹಿಕ ಪ್ರಜ್ಞೆಯ ತರಂಗ’ ಎಂದು ಶಿಬಿರ ನಡೆಸಿ ದುಡ್ಡು ಎಣಿಸುವವರನ್ನು ಕ್ಷಮಿಸಲಾಗದು.

ರೋಮ್ ನಗರದ ಕಬ್ಬಕ್ಕಿಗಳನ್ನು ಹಲವು ಕ್ಯಾಮೆರಾಗಳಲ್ಲಿ ಒಟ್ಟಿಗೆ ಸೆರೆಹಿಡಿದು, ಪ್ರತಿ ಹಕ್ಕಿಯ ಸ್ಥಾನವನ್ನು ಮೂರು ಆಯಾಮದಲ್ಲಿ ಲೆಕ್ಕಹಾಕಿದ ತಂಡ 2008ರಲ್ಲಿ ಹೇಳಿದ್ದು ಇಷ್ಟು: ಒಂದು ಹಕ್ಕಿ ಗಮನ ಕೊಡುವುದು ಹತ್ತಿರದ ಆರೇಳು ಹಕ್ಕಿಗಳಿಗೆ ಮಾತ್ರ. ಅವು ಎಷ್ಟು ಮೀಟರ್ ದೂರದಲ್ಲಿವೆ ಎಂಬುದು ಮುಖ್ಯವಲ್ಲ, ಎಣಿಕೆ ಮುಖ್ಯ. ಗಿಡುಗ ಎರಗಿ ಹಿಂಡು ಚೆದುರಿದರೂ ನಂಟು ಕಡಿಯದಿರುವುದು ಇದರಿಂದಲೇ. ಹೊರಳುವುದೂ ಒಮ್ಮೆಗೇ ಅಲ್ಲ. ಸಾಮಾನ್ಯವಾಗಿ ಹಿಂಡಿನ ತುದಿಯ ಕೆಲವು ಹಕ್ಕಿಗಳು ಮೊದಲು ತಿರುಗುತ್ತವೆ, ಆ ತಿರುವು ಸೆಕೆಂಡಿಗೆ 20ರಿಂದ 40 ಮೀಟರ್ ವೇಗದಲ್ಲಿ ಉಳಿದವುಗಳಿಗೆ ದಾಟುತ್ತದೆ. ನಮ್ಮ ಕಣ್ಣಿಗೆ ಅದು ಏಕಕಾಲ. ‘ಹಾಗಾದರೆ ತುದಿಯ ಹಕ್ಕಿಯೇ ನಾಯಕ’ ಎಂದು ದಯವಿಟ್ಟು ಮರುಪತ್ರ ಬರೆಯಬೇಡಿ. ಮುಂದಿನ ತಿರುವಿಗೆ ತುದಿಯಲ್ಲಿ ಬೇರೆ ಹಕ್ಕಿ ಇರುತ್ತದೆ.

ನಿಜವಾದ ಸೋಜಿಗದ ಬಗ್ಗೆ ಯಾರೂ ಕೇಳುವುದಿಲ್ಲ. ಹಕ್ಕಿಗಳ ಬದಲು ಬಾಣಗಳನ್ನು ಊಹಿಸಿಕೊಳ್ಳಿ. ಸಮತಲದ ಮೇಲೆ ನಿಂತಲ್ಲೇ ನಿಂತ ಬಾಣಗಳು ಅಕ್ಕಪಕ್ಕದವುಗಳನ್ನಷ್ಟೇ ನೋಡಿ ದಿಕ್ಕು ಹೊಂದಿಸಿಕೊಳ್ಳುತ್ತಿದ್ದರೆ, ಬಹುದೂರದವರೆಗೆ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ಉಳಿಯಲಾರವು, ಉಷ್ಣದ ಕಂಪನವೊಂದೇ ಸಾಕು ಕೆಡಿಸಲು. ಇದು 1966ರ ಮರ್ಮಿನ್–ವ್ಯಾಗ್ನರ್ ಪ್ರಮೇಯ. ಆದರೆ 1995ರಲ್ಲಿ ಭೌತವಿಜ್ಞಾನಿ ತಮಾಶ್ ವಿಚೆಕ್ ಮತ್ತು ಸಂಗಡಿಗರು ಬಾಣಗಳನ್ನು ಅವುಗಳ ಮುಖವಿದ್ದ ಕಡೆಗೆ ಚಲಿಸಲು ಬಿಟ್ಟರು, ಕಂಪ್ಯೂಟರಿನಲ್ಲಿ ಹಿಂಡು ಸಾಲುಗಟ್ಟಿತು! ಜಾನ್ ಟೋನರ್ ಮತ್ತು ಯುಹೈ ತು ಅದೇ ವರ್ಷ ಕಾರಣ ಕೊಟ್ಟರು. ನಿಂತವರ ಸಾಲಿನಲ್ಲಿ ಕಿವಿಯಿಂದ ಕಿವಿಗೆ ಹೋದ ಮಾತು ಕೆಡುತ್ತಾ ಹೋಗುತ್ತದೆ. ನಡೆಯುವವರ ಗುಂಪಿನಲ್ಲಿ ನೆರೆಯವನು ಬದಲಾಗುತ್ತಲೇ ಇರುತ್ತಾನೆ, ಇಲ್ಲಿಯ ಸುದ್ದಿಯನ್ನು ತಾನೇ ಹೊತ್ತು ಅಲ್ಲಿಗೆ ಒಯ್ಯುತ್ತಾನೆ.

ಇದಕ್ಕೆ ಬೆಲೆಯೂ ಉಂಟು. ಸಾಧಾರಣ ಅನಿಲದಲ್ಲಿ ಸರಾಸರಿ 10,000 ಕಣಗಳಿರುವ ಜಾಗದಲ್ಲಿ ಎಣಿಕೆ ನೂರು ಕಣಗಳಷ್ಟು ಹೆಚ್ಚುಕಮ್ಮಿ ಆಗುತ್ತದೆ. ಸಕ್ರಿಯ ದ್ರವ್ಯದಲ್ಲಿ, ಅಂದರೆ ಒಂದೊಂದು ಕಣವೂ ಶಕ್ತಿ ಹೀರಿ ಚಲಿಸುವ ಗುಂಪಿನಲ್ಲಿ, ಏರಿಳಿತ ಅದಕ್ಕಿಂತ ಎಷ್ಟೋ ದೊಡ್ಡದು. ಭೌತವಿಜ್ಞಾನಿ ಶ್ರೀರಾಮ್ ರಾಮಸ್ವಾಮಿ ಮತ್ತು ಜೊತೆಗಾರರು 2007ರಲ್ಲಿ ಇದನ್ನು ತೋರಿಸಿದ್ದು ಹಕ್ಕಿಗಳಲ್ಲಿ ಅಲ್ಲ, ಅದುರುವ ತಟ್ಟೆಯ ಮೇಲಿನ ತಾಮ್ರದ ಕಡ್ಡಿಚೂರುಗಳಲ್ಲಿ. ಕಡ್ಡಿಗಳಿಗೂ ಟೆಲಿಪಥಿ ಇದೆಯೆಂದು ವಾದಿಸುವವರಿದ್ದರೆ ನನ್ನ ಬಳಿ ಉತ್ತರವಿಲ್ಲ.

ನನ್ನದೇ ಕ್ಷೇತ್ರದವರಿಗೂ ಒಂದು ಮಾತು. ಪರದೆಯ ಮೇಲೆ ಹಿಂಡಿನಂತೆ ಕಂಡಿತೆಂದರೆ ಹಿಂಡು ಅರ್ಥವಾಯಿತು ಎಂದಲ್ಲ. ರೆಕ್ಕೆ ಬಾರದ ಮಿಡತೆ ಮರಿಗಳು ದಟ್ಟಣೆ ಹೆಚ್ಚಿದಾಗ ಸಾಲುಗಟ್ಟಿ ನಡೆಯುತ್ತವೆಂದು 2006ರಲ್ಲಿ ಪ್ರಯೋಗಾಲಯದಲ್ಲಿ ಕಂಡಾಗ, ವಿಚೆಕ್‌ರ ಆ ಚಲಿಸುವ ಬಾಣಗಳ ಮಾದರಿಗೆ ಎಷ್ಟು ಚೆನ್ನಾಗಿ ಹೊಂದಿತೆಂದು ಎಲ್ಲರೂ ತಲೆದೂಗಿದೆವು. ಎರಡೇ ವರ್ಷದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಹಿಂದಿನ ಮಿಡತೆ ಕಚ್ಚುತ್ತದೆಂದು ಮುಂದಿನದು ಓಡುತ್ತಿತ್ತು. ಹೊಟ್ಟೆಭಾಗದ ನರ ಕತ್ತರಿಸಿ ಹಿಂದಿನ ಸ್ಪರ್ಶ ತಿಳಿಯದಂತೆ ಮಾಡಿದರೆ ನಡಿಗೆ ತಗ್ಗಿತು, ಸ್ವಜಾತಿ ಭಕ್ಷಣೆ ಏರಿತು. ಶಿಸ್ತಿನ ಪಥಸಂಚಲನದ ಗುಟ್ಟು ಬೆನ್ನಹಿಂದಿನ ಬಾಯಿ. ಅಂದಿನಿಂದ ಚಂದದ ವಿಡಿಯೊ ತೋರಿಸುವವರನ್ನು ನಾನು ಮೊದಲು ‘ಅಳತೆ ಎಲ್ಲಿ?’ ಎನ್ನುತ್ತೇನೆ.

ಪ್ರಶ್ನೆ: ಜೀವಿಗಳು ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ ಮುರಿಯುತ್ತವಲ್ಲವೇ?

ಉತ್ತರ: ಇಲ್ಲ. ಹೊರಗಿನಿಂದ ಏನೂ ಒಳಬಾರದ ವ್ಯವಸ್ಥೆಯಲ್ಲಿ ಅವ್ಯವಸ್ಥೆ ತಗ್ಗದು ಎನ್ನುತ್ತದೆ ಆ ನಿಯಮ. ಜೀವಿಗಳೋ, ಊಟ ಮಾಡುತ್ತವೆ.

ಪ್ರಶ್ನೆ: ಬ್ಯಾಕ್ಟೀರಿಯಾಗಳು ಹಲ್ಲುಗಳುಳ್ಳ ಚಕ್ರ (ಗೇರ್) ತಿರುಗಿಸುವ ವಿಡಿಯೊ ನೋಡಿದೆ. ಪುಕ್ಕಟೆ ವಿದ್ಯುತ್ತಿಗೆ ದಾರಿಯೇ?

ಉತ್ತರ: ಚಕ್ರ ಮಿಲಿಮೀಟರಿಗಿಂತ ಚಿಕ್ಕದು, ತಿರುಗುವುದು ನಿಮಿಷಕ್ಕೆ ಒಂದೆರಡು ಸುತ್ತು, ಆಮ್ಲಜನಕ ಮುಗಿದರೆ ಅದೂ ಇಲ್ಲ. ಇದನ್ನು ತೋರಿಸಿ ಬಂಡವಾಳ ಕೇಳುವವರಿಗೆ ಬಾಗಿಲು ತೆರೆಯಬೇಡಿ.

ಪ್ರಶ್ನೆ: ಹೆಬ್ಬಾತುಗಳ ‘ವಿ’ ಸಾಲಿನಿಂದ ತಂಡ ನಿರ್ವಹಣೆಯ ಯಾವ ಪಾಠ ಕಲಿಯಬಹುದು?

ಉತ್ತರ: ಮುಂದಿನ ಹಕ್ಕಿಯ ರೆಕ್ಕೆತುದಿ ಎಬ್ಬಿಸುವ ಮೇಲ್ಮುಖ ಗಾಳಿಯಲ್ಲಿ ಹಾರಿದರೆ ದಣಿವು ಕಡಿಮೆ. ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ರೆಕ್ಕೆಯಿದ್ದರೆ ತಿಳಿಸಿ.

ಪ್ರಶ್ನೆ: ಈಜುತ್ತಿರುವ ಬ್ಯಾಕ್ಟೀರಿಯಾ ತಟ್ಟನೆ ನಿಲ್ಲಿಸಿದರೆ ಎಷ್ಟು ದೂರ ಜಾರುತ್ತದೆ?

ಉತ್ತರ: ಕೊನೆಗೂ ಒಂದು ಒಳ್ಳೆಯ ಪ್ರಶ್ನೆ! ಒಂದು ಪರಮಾಣುವಿನ ಅಗಲದಷ್ಟೂ ಇಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲೇ ಈ ಲೆಕ್ಕ ಕೊಟ್ಟಿದ್ದಾರೆ. ಆ ಗಾತ್ರಕ್ಕೆ ನೀರಿನ ಸ್ನಿಗ್ಧತೆಯದೇ (ಚಲನೆಗೆ ಒಡ್ಡುವ ತಡೆಯದೇ) ದರ್ಬಾರು, ಜಡತ್ವಕ್ಕೆ ಕವಡೆಯ ಕಿಮ್ಮತ್ತಿಲ್ಲ.